ನೆರೆ ಕೊರೆದ ಕಣಿವೆಗಳು: ಭೂಮಿಯ ನೆಲವನ್ನೂ ಮಂಗಳನ ನೆಲವನ್ನೂ ಹಂತಹಂತವಾಗಿ ಹೋಲಿಸುವ ಮಾರ್ಗದರ್ಶಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಒಣ ಕಣಿವೆಯ ಚಿತ್ರ, ಅದರ ಪಕ್ಕದಲ್ಲಿ ಮಂಗಳ ಗ್ರಹದ ಒಂದು ಕಣಿವೆಯ ಚಿತ್ರ, ಕೆಳಗೆ ‘ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಮಂಗಳನಲ್ಲೂ ಮಹಾ ನೆರೆ ಹರಿದಿತ್ತು’ ಎಂಬ ಸಾಲು. ಹವ್ಯಾಸಿಗಳೂ ಭೂವಿಜ್ಞಾನದ ವಿದ್ಯಾರ್ಥಿಗಳೂ ಅಭಿಪ್ರಾಯ ಕೇಳಿ ಕಳುಹಿಸುವ ಹೋಲಿಕೆಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ನಿಲ್ಲುತ್ತವೆ. ತೀರ್ಮಾನ ಸರಿಯೇ ಇರಬಹುದು, ಆದರೆ ಅದನ್ನು ತಲುಪಿದ ದಾರಿ ಸರಿಯಿಲ್ಲ. ಮೊದಲ ಚಿತ್ರದ ಅಗಲ 5 ಕಿ.ಮೀ. ಇದ್ದರೆ ಎರಡನೆಯದರದು 200 ಕಿ.ಮೀ. ಇರುತ್ತದೆ, ಒಂದರಲ್ಲಿ ಬಿಸಿಲು ದಕ್ಷಿಣದಿಂದ ಬಿದ್ದಿದ್ದರೆ ಇನ್ನೊಂದರಲ್ಲಿ ಪಶ್ಚಿಮದಿಂದ ಬಿದ್ದಿರುತ್ತದೆ, ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಯಾರೂ ನೋಡಿರುವುದಿಲ್ಲ.

ಈ ಮಾರ್ಗದರ್ಶಿಯಲ್ಲಿ ಒಂದೇ ಜೋಡಿಯನ್ನು ಆರಂಭದಿಂದ ಕೊನೆಯವರೆಗೆ ಹಿಡಿದು ಸಾಗುತ್ತೇನೆ. ಭೂಮಿಯ ಕಡೆಯಿಂದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ನೆರೆ ಕೊರೆದ ಒಣ ಕಣಿವೆಗಳ ಸೀಮೆಯಾದ ಚಾನೆಲ್ಡ್ ಸ್ಕ್ಯಾಬ್‌ಲ್ಯಾಂಡ್, ಮಂಗಳನ ಕಡೆಯಿಂದ ಏರಿಸ್ ವ್ಯಾಲಿಸ್ ಎಂಬ ಕಣಿವೆ. ಹಂತಗಳ ಕ್ರಮವನ್ನು ಅದಲುಬದಲು ಮಾಡಬೇಡಿ. ಅಳತೆಗೆ ಮುಂಚೆ ಹೆಸರಿಡುವುದು, ಮೂಲ ಹುಡುಕುವ ಮುಂಚೆ ಹರಿವಿನ ಲೆಕ್ಕ ಹಾಕುವುದು ನಾನು ಕಂಡ ಸೋಲುಗಳಲ್ಲಿ ಅತಿ ಸಾಮಾನ್ಯವಾದ ಎರಡು.

## ಕೈಗೆ ಬೇಕಾದ ಸಲಕರಣೆಗಳು

ಎಲ್ಲವೂ ಉಚಿತವಾಗಿ ಸಿಗುತ್ತವೆ. ಮೊದಲ ನೋಟಕ್ಕೆ ಗೂಗಲ್ ಅರ್ಥ್ ಪ್ರೊ ಸಾಕು. ಅದರಲ್ಲಿ ಮಂಗಳನ ಗೋಳವೂ ಇದೆ. ಮಂಗಳನ ದತ್ತಾಂಶಗಳನ್ನು ಒಂದರ ಮೇಲೊಂದು ಹಾಸಿ ನೋಡಲು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಮಾರ್ಸ್ ತಂತ್ರಾಂಶ ಒಳ್ಳೆಯದು. ಅಳತೆಗೆ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಬೇಕೇ ಬೇಕು.

ಮಂಗಳನ ಎತ್ತರಗಳಿಗೆ ಮೋಲಾ ಲೇಸರ್ ಮಾಪಕದ ನಕ್ಷೆಯಿದೆ. ಅದರ ಒಂದು ಚುಕ್ಕಿ ಸಮಭಾಜಕದ ಬಳಿ ಸುಮಾರು 463 ಮೀಟರ್ ನೆಲವನ್ನು ಪ್ರತಿನಿಧಿಸುತ್ತದೆ. ಮಂಗಳನನ್ನು ಸುತ್ತುವ ನೌಕೆಗಳ ಕ್ಯಾಮೆರಾಗಳು ತೆಗೆದ ಚಿತ್ರಗಳಲ್ಲಿ ಥೀಮಿಸ್‌ನದು ಚುಕ್ಕಿಗೆ 100 ಮೀಟರ್, ಸಿಟಿಎಕ್ಸ್‌ನದು ಸುಮಾರು 6 ಮೀಟರ್, ಹೈರೈಸ್‌ನದು ಸುಮಾರು 25ರಿಂದ 30 ಸೆಂ.ಮೀ. ಭೂಮಿಯ ಎತ್ತರಗಳಿಗೆ ಬಾಹ್ಯಾಕಾಶದಿಂದ ರಾಡಾರ್ ಅಳೆದ, ಚುಕ್ಕಿಗೆ 30 ಮೀಟರಿನ ಎಸ್‌ಆರ್‌ಟಿಎಂ ದತ್ತಾಂಶ ಸಾಕು. ಇಸ್ರೋದ ಮಂಗಳಯಾನ ಕಳುಹಿಸಿದ ಬಣ್ಣದ ಚಿತ್ರಗಳನ್ನು ಬಳಸುವ ಆಸೆ ನಮ್ಮಲ್ಲಿ ಹಲವರಿಗಿದೆ. ಒಂದು ಇಡೀ ಪ್ರದೇಶವನ್ನು ಒಂದೇ ನೋಟದಲ್ಲಿ ಹಿಡಿಯಲು ಅವು ಚೆನ್ನಾಗಿವೆ. ಆದರೆ ನೌಕೆ ಮಂಗಳನಿಂದ ಎಷ್ಟು ದೂರದಲ್ಲಿತ್ತು ಎಂಬುದರ ಮೇಲೆ ಅವುಗಳ ಸೂಕ್ಷ್ಮತೆ ಬಹಳ ಬದಲಾಗುತ್ತದೆಯಾದ್ದರಿಂದ ಅಳತೆಗೆ ಅವನ್ನೇ ನೆಚ್ಚಿಕೊಳ್ಳಬೇಡಿ.

ಇವುಗಳ ಜೊತೆಗೆ ಒಂದು ನೋಟ್‌ಪುಸ್ತಕವಿರಲಿ. ಪರದೆಯ ಮೇಲೆ ಕಂಡದ್ದನ್ನು ಕೈಯಿಂದ ಗೀಚಿ ಬರೆದಾಗ ಕಣ್ಣು ಬಿಟ್ಟುಬಿಟ್ಟದ್ದು ಗೊತ್ತಾಗುತ್ತದೆ.

## ಹಂತ 1: ಜೋಡಿಯನ್ನೂ ಅದಕ್ಕೊಂದು ಎದುರುಸಾಕ್ಷಿಯನ್ನೂ ಆರಿಸಿ

ಭೂಮಿಯ ಸ್ಥಳವನ್ನು ಆರಿಸುವಾಗ ಒಂದೇ ನಿಯಮ: ಅಲ್ಲಿ ನೆರೆ ಬಂದದ್ದು ಆಕಾರದಿಂದಲ್ಲದೆ ಬೇರೆ ಸಾಕ್ಷ್ಯಗಳಿಂದಲೂ ಖಚಿತವಾಗಿರಬೇಕು. ಸ್ಕ್ಯಾಬ್‌ಲ್ಯಾಂಡ್ ಇದಕ್ಕೆ ಸರಿಹೊಂದುತ್ತದೆ. ಕೊನೆಯ ಹಿಮಯುಗದಲ್ಲಿ ಹಿಮನದಿಯ ಒಂದು ತುದಿ ಕ್ಲಾರ್ಕ್ ಫೋರ್ಕ್ ನದಿಗೆ ಅಡ್ಡಬಂದು ಮಂಜಿನ ಏರಿಯಾಗಿ ನಿಂತಿತು. ಅದರ ಹಿಂದೆ ಮೊಂಟಾನಾದಲ್ಲಿ ಮಿಸೌಲಾ ಎಂಬ ಸರೋವರ ತುಂಬಿತು. ಏರಿಯ ಬಳಿ ನೀರಿನ ಆಳ ಸುಮಾರು 600 ಮೀಟರ್, ಒಟ್ಟು ನೀರು 2,000 ಘನ ಕಿ.ಮೀ.ಗೂ ಹೆಚ್ಚು. ಏರಿ ಒಡೆದಾಗ ಹರಿವು ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ಮುಟ್ಟಿತ್ತು ಎಂಬುದು ಒಂದು ಅಂದಾಜು. ಏರಿ ಮತ್ತೆ ಮತ್ತೆ ಕಟ್ಟಿಕೊಂಡು ಹತ್ತಾರು ಬಾರಿ ಒಡೆಯಿತು. ಈ ‘ಹತ್ತಾರು ಬಾರಿ’ ಎಂಬುದನ್ನು ಈಗಲೇ ಗುರುತು ಹಾಕಿಕೊಳ್ಳಿ, ಹಂತ 6ರಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ.

ಜೋಡಿಯಷ್ಟೇ ಮುಖ್ಯವಾದದ್ದು ಎದುರುಸಾಕ್ಷಿ, ಎಂದರೆ ನೋಡಲು ಹಾಗೆಯೇ ಇದ್ದು ಬೇರೆ ಕಾರಣದಿಂದ ಹುಟ್ಟಿದ ಮೂರನೆಯ ಸ್ಥಳ. ಇರಾನಿನ ಲೂತ್ ಮರುಭೂಮಿಯಲ್ಲಿ ಗಾಳಿ ಕೆತ್ತಿದ ಉದ್ದುದ್ದ ದಿಬ್ಬಗಳಿವೆ; ನೆರೆ ಕೆತ್ತಿದ ದಿಬ್ಬಗಳೆಂದು ತೋರಿಸಿದರೆ ಹೊಸಬರು ನಂಬಿಬಿಡುತ್ತಾರೆ. ಅದನ್ನೂ ಅದೇ ಅಳತೆಗಳಿಗೆ ಒಳಪಡಿಸಿ. ನಿಮ್ಮ ಪರೀಕ್ಷೆ ಲೂತ್‌ನ ದಿಬ್ಬವನ್ನೂ ‘ನೆರೆ’ ಎಂದು ಪಾಸು ಮಾಡಿದರೆ ದೋಷ ಪರೀಕ್ಷೆಯಲ್ಲಿದೆ.

ಮಂಗಳನ ದೊಡ್ಡ ಕಣಿವೆಗಳಿಗೆ ಬೇರೆಬೇರೆ ಭಾಷೆಗಳಲ್ಲಿ ಆ ಗ್ರಹಕ್ಕಿರುವ ಹೆಸರನ್ನೇ ಇಟ್ಟಿದ್ದಾರೆ: ಗ್ರೀಕಿನ ಏರಿಸ್, ಜಪಾನಿಯ ಕಸೇ, ನಮ್ಮ ಪಂಚಾಂಗದ ಮಂಗಳ. ಹೆಸರಿನ ಮೋಹಕ್ಕೆ ಮಂಗಳ ವ್ಯಾಲಿಸ್‌ನಿಂದಲೇ ಆರಂಭಿಸುವವರಿದ್ದಾರೆ. ಅದರ ನೀರು ನೆಲದ ಒಂದು ಬಿರುಕಿನಿಂದ ಹೊರಬಂದದ್ದು. ಮಿಸೌಲಾದಂಥ ತುಂಬಿ ಒಡೆದ ಸರೋವರ ಅಲ್ಲಿ ಕಾಣುವುದಿಲ್ಲ. ಅದನ್ನು ಎರಡನೆಯ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

## ಹಂತ 2: ಅಳತೆಗೋಲು, ರೇಖಾಂಶ, ಬೆಳಕು, ಈ ಮೂರನ್ನು ಸರಿಪಡಿಸಿ

ಯಾವುದೇ ಗೆರೆ ಎಳೆಯುವ ಮುಂಚೆ ಕ್ಯೂಜಿಐಎಸ್‌ನ ಯೋಜನಾ ಗುಣಲಕ್ಷಣಗಳಿಗೆ ಹೋಗಿ ಗೋಳ ಯಾವುದೆಂದು ನೋಡಿ. ಭೂಮಿಯಲ್ಲಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ.; ಮಂಗಳನಲ್ಲಿ ಸುಮಾರು 59 ಕಿ.ಮೀ. ಮಾತ್ರ. ತಂತ್ರಾಂಶ ಭೂಮಿಯ ಗೋಳವನ್ನೇ ಹಿಡಿದುಕೊಂಡಿದ್ದರೆ ಮಂಗಳನ ಪ್ರತಿ ಉದ್ದವೂ ಹತ್ತಿರಹತ್ತಿರ ಎರಡು ಪಟ್ಟಾಗಿ ಬರುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಕಾಣಿಸುವುದಿಲ್ಲ. ನಾನೇ ಒಮ್ಮೆ ಮೂರು ಸಂಜೆ ಅಳೆದ ನಡುಗಡ್ಡೆಗಳ (ನೆರೆಯ ನಡುವೆ ಉಳಿದ ದಿಬ್ಬಗಳ) ಪಟ್ಟಿಯನ್ನು ಈ ಕಾರಣಕ್ಕೆ ಹರಿದು ಹಾಕಬೇಕಾಯಿತು. ಪರಿಹಾರ ಸುಲಭ: ವ್ಯಾಸ ಮೊದಲೇ ಗೊತ್ತಿರುವ ಒಂದು ಉಲ್ಕಾಕುಳಿಯನ್ನು ಅಳೆದು ನೋಡಿ. ಏರಿಸ್ ಕಣಿವೆಗೆ ಕೂಡಿಕೊಂಡಿರುವ ಅರಾಮ್ ಕೇಯಾಸ್ ಎಂಬ ಹಳೆಯ ಉಲ್ಕಾಕುಳಿಯ ವ್ಯಾಸ ಸುಮಾರು 280 ಕಿ.ಮೀ.; ನಿಮಗೆ 500ರ ಮೇಲೆ ಬಂದರೆ ಅಲ್ಲಿಗೇ ನಿಲ್ಲಿಸಿ.

ರೇಖಾಂಶದ ಗೊಂದಲ ಇನ್ನೊಂದು. ಹಳೆಯ ಮಂಗಳ ನಕ್ಷೆಗಳು ಪಶ್ಚಿಮಕ್ಕೆ ಎಣಿಸುತ್ತವೆ, ಹೊಸವು ಪೂರ್ವಕ್ಕೆ. ಪಾಥ್‌ಫೈಂಡರ್ ನೌಕೆ 1997ರ ಜುಲೈ 4ರಂದು ಏರಿಸ್‌ನ ಬಾಯಿಯ ಬಳಿ ಇಳಿದ ಸ್ಥಳವನ್ನು ಹಳೆಯ ರೀತಿಯಲ್ಲಿ ಸುಮಾರು 33 ಡಿಗ್ರಿ ಪಶ್ಚಿಮ ಎನ್ನುತ್ತಾರೆ. ಹೊಸ ರೀತಿಯಲ್ಲಿ ಅದು 360ರಿಂದ 33 ಕಳೆದು 327 ಡಿಗ್ರಿ ಪೂರ್ವ. ಬರೀ ‘33’ ಎಂದು ತುಂಬಿದರೆ ಗ್ರಹದ ಬೇರೊಂದು ಬದಿಗೆ ಹೋಗಿ ಇಳಿಯುತ್ತೀರಿ, ಅಲ್ಲಿಯೂ ಏನೋ ಒಂದು ತಗ್ಗು ಕಂಡೇ ಕಾಣುತ್ತದೆ.

ಮೂರನೆಯದು ಬೆಳಕು. ಉತ್ತರವನ್ನು ಮೇಲಕ್ಕಿಟ್ಟು ನೋಡಿದಾಗ ವಾಷಿಂಗ್ಟನ್ನಿನ ಉಪಗ್ರಹ ಚಿತ್ರಗಳಲ್ಲಿ ಬಿಸಿಲು ಕೆಳಗಿನಿಂದ, ಅಂದರೆ ದಕ್ಷಿಣದ ಕಡೆಯಿಂದ ಬೀಳುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಂಬಿರುವ ನಮ್ಮ ಕಣ್ಣಿಗೆ ಆಗ ತಗ್ಗು ದಿಬ್ಬವಾಗಿ, ದಿಬ್ಬ ತಗ್ಗಾಗಿ ಕಾಣುತ್ತದೆ. ಸಿಟಿಎಕ್ಸ್ ಚಿತ್ರಗಳನ್ನು ಅಲ್ಲಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ತೆಗೆಯುವುದರಿಂದ ಬೆಳಕು ಪಶ್ಚಿಮದಿಂದ ಬೀಳುತ್ತದೆ. ಅನುಮಾನ ಬಂದಾಗ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಆಮೇಲೆ ಎತ್ತರದ ಅಂಕಿಯನ್ನು ಓದಿ. ಚಿತ್ರಕ್ಕೂ ಅಂಕಿಗೂ ಜಗಳ ಬಂದರೆ ಅಂಕಿಯ ಪಕ್ಷ ಹಿಡಿಯಿರಿ. ಜೊತೆಗೆ ಗೂಗಲ್ ಅರ್ಥ್‌ನಲ್ಲಿ ಎತ್ತರದ ಉತ್ಪ್ರೇಕ್ಷೆಯನ್ನು ಎರಡೂ ಗ್ರಹಗಳಿಗೆ 1ರಲ್ಲಿ ಇಡಿ. 3ಕ್ಕೆ ಏರಿಸಿದರೆ ಸಾಮಾನ್ಯ ಇಳಿಜಾರೂ ಜಲಪಾತದ ಗೋಡೆಯಂತೆ ಕಾಣುತ್ತದೆ.

## ಹಂತ 3: ಭೂಮಿಯ ದತ್ತಾಂಶವನ್ನು ಬೇಕೆಂದೇ ಮಬ್ಬಾಗಿಸಿ

ಇದನ್ನು ಬಿಡುವವರೇ ಹೆಚ್ಚು. ಸ್ಕ್ಯಾಬ್‌ಲ್ಯಾಂಡನ್ನು 30 ಮೀಟರಿನಲ್ಲಿ, ಏರಿಸ್ ಕಣಿವೆಯನ್ನು 463 ಮೀಟರಿನಲ್ಲಿ ನೋಡಿ ‘ಭೂಮಿಯಲ್ಲಿರುವ ಸಣ್ಣ ಕವಲುಗಳು ಮಂಗಳನಲ್ಲಿಲ್ಲ’ ಎಂದು ಬರೆದರೆ ಅದು ನೆಲದ ಗುಣವಲ್ಲ, ನಕ್ಷೆಯ ಗುಣ. ಎಸ್‌ಆರ್‌ಟಿಎಂ ನಕ್ಷೆಯನ್ನು 463 ಮೀಟರಿಗೆ ಸರಾಸರಿ ಮಾಡಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಆ ಪ್ರತಿಯಲ್ಲಿ ಡ್ರೈ ಫಾಲ್ಸ್ ಎಂಬ ಒಣ ಜಲಪಾತವನ್ನು ಹುಡುಕಿ, 47.6 ಡಿಗ್ರಿ ಉತ್ತರ, 119.4 ಡಿಗ್ರಿ ಪಶ್ಚಿಮದ ಆಸುಪಾಸಿನಲ್ಲಿದೆ. ಸುಮಾರು 5.5 ಕಿ.ಮೀ. ಅಗಲ, 120 ಮೀಟರ್ ಎತ್ತರದ ಆ ಬಂಡೆಗೋಡೆ ಮಬ್ಬು ಪ್ರತಿಯಲ್ಲಿ ಹತ್ತು ಹನ್ನೆರಡು ಚುಕ್ಕಿಗಳ ಒಂದು ಮೆಟ್ಟಿಲಾಗಿ ಕುಗ್ಗಿರುತ್ತದೆ. ಮೋಲಾ ನಕ್ಷೆಯಲ್ಲಿ ಇಂಥದ್ದು ಕಂಡರೆ ಏನೆಂದು ತಿಳಿಯಬೇಕು ಎಂಬುದನ್ನು ಈ ಅಭ್ಯಾಸ ಕಲಿಸುತ್ತದೆ.

ಸಮಭಾಜಕದ ಬಳಿ ಮೋಲಾದ ಲೇಸರ್ ಸಾಲುಗಳ ನಡುವೆ ಕೆಲವೆಡೆ ಕಿಲೋಮೀಟರುಗಟ್ಟಲೆ ಖಾಲಿ ಜಾಗವಿದೆ, ಅಲ್ಲಿನ ಎತ್ತರವನ್ನು ಅಕ್ಕಪಕ್ಕದ ಅಂಕಿಗಳಿಂದ ತುಂಬಿದ್ದಾರೆ. ಉತ್ತರ-ದಕ್ಷಿಣವಾಗಿ ನೇರ ಪಟ್ಟಿಗಳಂತೆ ಕಾಣುವ ನಯವಾದ ನೆಲ ಸಿಕ್ಕರೆ ಅದರ ಮೇಲೆ ಅಡ್ಡಕೊಯ್ತ (ಕಣಿವೆಗೆ ಅಡ್ಡಲಾಗಿ ಎಳೆದ ಎತ್ತರದ ಗೆರೆ) ತೆಗೆಯಬೇಡಿ. ಭೂಮಿಯ ಕಡೆಯ ಇಂಥದೇ ಬಲೆಯೆಂದರೆ ಗ್ರ್ಯಾಂಡ್ ಕೂಲೀ ಎಂಬ ಒಣ ಕಣಿವೆಯ ಮೇಲ್ಭಾಗದಲ್ಲಿರುವ ಬ್ಯಾಂಕ್ಸ್ ಲೇಕ್. ಅದು ಈ ಕಾಲದ ಜಲಾಶಯ. ಎತ್ತರದ ನಕ್ಷೆ ಕೊಡುವುದು ನೀರಿನ ಮಟ್ಟವನ್ನು, ಕಣಿವೆಯ ತಳವನ್ನಲ್ಲ.

## ಹಂತ 4: ಮೂಲದಿಂದ ಕಡೆಯವರೆಗೆ ನೀರಿನ ಜೊತೆ ನಡೆಯಿರಿ

ಕಣಿವೆಯ ನಡುವಿನ ಅಂದವಾದ ಭಾಗದಿಂದ ಆರಂಭಿಸಬೇಡಿ. ಮೊದಲು ಮೂಲ. ಮಿಸೌಲಾದ ದಂಡೆಗೆರೆಗಳು ಇಂದಿಗೂ ಮಿಸೌಲಾ ಊರಿನ ಮೇಲಿನ ಬೆಟ್ಟದ ಮೈಮೇಲೆ ಒಂದರ ಕೆಳಗೊಂದು ಗೀರಿನಂತೆ ಕಾಣುತ್ತವೆ. ಏರಿಸ್ ಕಣಿವೆಯ ಮೂಲದಲ್ಲಿ ಅಂಥ ದಂಡೆಗಳಿಲ್ಲ. ಇಯಾನಿ ಕೇಯಾಸ್ ಎಂಬ, ನೆಲವೇ ಕುಸಿದು ಚೂರುಚೂರಾದ ತಗ್ಗಿದೆ. ನೆಲದಡಿಯ ನೀರು ಒತ್ತಡದಿಂದ ಹೊರನುಗ್ಗಿದಾಗ ಮೇಲಿನ ನೆಲ ಕುಸಿಯಿತು ಎಂಬುದು ಇದಕ್ಕೆ ಹೆಚ್ಚು ಒಪ್ಪಿತವಾದ ವಿವರಣೆ. ಎರಡು ಮೂಲಗಳು ಬೇರೆ ಜಾತಿಯವು ಎಂಬುದನ್ನು ಹೋಲಿಕೆಯ ಮೊದಲ ಸಾಲಿನಲ್ಲೇ ಬರೆಯಿರಿ. ಅದನ್ನು ಮುಚ್ಚಿಟ್ಟು ಕಣಿವೆಗಳನ್ನಷ್ಟೇ ಹೋಲಿಸುವುದು ಅರ್ಧ ಸತ್ಯವಾಗುತ್ತದೆ.

ನಂತರ ದಾರಿ. ಏರಿಸ್ ಕಣಿವೆ 1,500 ಕಿ.ಮೀ.ಗೂ ಹೆಚ್ಚು ಉದ್ದ ಸಾಗಿ ಕ್ರೈಸೀ ಎಂಬ ತಗ್ಗು ಬಯಲನ್ನು ಸೇರುತ್ತದೆ. ಪ್ರತಿ 50 ಕಿ.ಮೀ.ಗೊಮ್ಮೆ ಅಡ್ಡಕೊಯ್ತ ತೆಗೆದು ತಳದ ಎತ್ತರವನ್ನು ಬರೆದುಕೊಳ್ಳಿ. ದಾರಿಯುದ್ದಕ್ಕೂ ತಳ ಇಳಿಯುತ್ತಲೇ ಹೋಗದೆ ನಡುವೆ ಏರಿದರೆ ಗಾಬರಿಯಾಗಬೇಕಿಲ್ಲ: ಮಹಾ ನೆರೆ ತಗ್ಗನ್ನು ತುಂಬಿ, ಅಡ್ಡ ಬಂದ ಏರನ್ನು ಹತ್ತಿ ಹೋಗಬಲ್ಲದು, ನಂತರದ ಕಾಲದಲ್ಲಿ ಗೋಡೆ ಕುಸಿದು ಬಿದ್ದ ಕಲ್ಲುಮಣ್ಣೂ ತಳವನ್ನು ಎತ್ತಿರಬಹುದು. ಯಾವುದೆಂದು ತಿಳಿಯದಿದ್ದರೆ ಎರಡನ್ನೂ ಬರೆಯಿರಿ.

ಕೆರೆ ಕೋಡಿ ಬೀಳುವುದನ್ನು ನೋಡಿದವರಿಗೆ ಮುಂದಿನ ಮಾತು ತಕ್ಷಣ ಹಿಡಿಯುತ್ತದೆ. ಸಾಮಾನ್ಯ ನದಿ ತನ್ನ ಜಲಾನಯನದ ದಿನ್ನೆಗಳನ್ನು ದಾಟುವುದಿಲ್ಲ. ಮಹಾ ನೆರೆ ದಾಟುತ್ತದೆ, ದಾಟಿದಲ್ಲೆಲ್ಲ ದಿನ್ನೆಯ ನೆತ್ತಿಯ ಮೇಲೆ ಕೋಡಿಯಂಥ ಕಚ್ಚು ಬಿಡುತ್ತದೆ. ಸ್ಕ್ಯಾಬ್‌ಲ್ಯಾಂಡಿನಲ್ಲಿ ಕವಲುಗಳು ಒಡೆದು, ಮತ್ತೆ ಕೂಡಿ, ಮತ್ತೆ ಒಡೆದು ಜಡೆಯಂತೆ ಹೆಣೆದುಕೊಂಡಿರುವುದು ಹೀಗೆ. ಆ ಕಚ್ಚುಗಳ ಎತ್ತರ ಅಮೂಲ್ಯ: ನೀರು ಕನಿಷ್ಠ ಅಷ್ಟು ಎತ್ತರಕ್ಕೆ ಬಂದಿತ್ತು ಎಂದಾಯಿತು. ಅದರ ಪಕ್ಕದಲ್ಲೇ ಕೊಚ್ಚಿಹೋಗದೆ ಉಳಿದ ದಿನ್ನೆಯ ಎತ್ತರ ಗರಿಷ್ಠ ಮಿತಿಯನ್ನು ಕೊಡುತ್ತದೆ. ಎರಡನ್ನೂ ಪಟ್ಟಿ ಮಾಡಿ, ಮುಂದೆ ನೀರಿನ ಮಟ್ಟಕ್ಕೆ ಇದೊಂದೇ ನಂಬಲರ್ಹ ಆಧಾರ.

ಕೊನೆಗೆ ನೀರು ಹೋಗಿ ಸೇರಿದ ಜಾಗ. ಸ್ಕ್ಯಾಬ್‌ಲ್ಯಾಂಡಿನ ನೀರೆಲ್ಲ ವಲೂಲಾ ಗ್ಯಾಪ್ ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿ ಹಿನ್ನೀರಾಗಿ ನಿಂತಿತು. ಆ ಹಿನ್ನೀರಿನ ತಳದಲ್ಲಿ ಕೂತ ಹೂಳು ಬರ್ಲಿಂಗೇಮ್ ಕ್ಯಾನ್ಯನ್ನಿನಲ್ಲಿ ಸುಮಾರು 40 ಪದರಗಳಾಗಿ ಕಾಣುತ್ತದೆ, ನೆರೆ ಹಲವು ಬಾರಿ ಬಂತು ಎನ್ನುವ ಬಲವಾದ ಸಾಕ್ಷ್ಯಗಳಲ್ಲಿ ಅದೂ ಒಂದು. ಏರಿಸ್‌ನ ಕೊನೆಯಲ್ಲಿ ಇಂಥ ಪದರಗಳನ್ನು ಎಣಿಸಲು ನಮಗೆ ಬರುವುದಿಲ್ಲ; ಹೂಳು ಕ್ರೈಸೀ ಬಯಲಿನಲ್ಲಿ ಹರಡಿಹೋಗಿದೆ. ಮಂಗಳನ ಪಟ್ಟಿಯಲ್ಲಿ ಈ ಕಲಂ ಖಾಲಿ ಬಿಡಿ. ಅದನ್ನು ತುಂಬುವ ಆತುರವೇ ಬೇಡ.

## ಹಂತ 5: ಒಂದು ಗುರುತನ್ನಲ್ಲ, ಇಡೀ ಸಂಸಾರವನ್ನು ಹುಡುಕಿ

ಒಂಟಿ ಗುರುತು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಒಟ್ಟಾಗಿ, ಒಂದೇ ದಿಕ್ಕಿಗೆ ಮುಖಮಾಡಿ, ಒಂದೇ ನೀರಿನ ಮಟ್ಟಕ್ಕೆ ಹೊಂದಿಕೊಂಡು ನಿಂತ ಗುರುತುಗಳ ಗುಂಪಿಗೇ ಬೆಲೆ.

ಮೊದಲನೆಯದು ದೋಣಿಯಾಕಾರದ ದಿಬ್ಬ. ಮಳೆ ನಿಂತ ಮೇಲೆ ಮಣ್ಣುರಸ್ತೆಯ ಪಕ್ಕದ ಕಾಲುವೆಗೆ ಬಗ್ಗಿ ನೋಡಿ: ಗೋಲಿ ಗಾತ್ರದ ಒಂದು ಕಲ್ಲು, ನೀರು ಬಂದ ಬದಿಯಲ್ಲಿ ಅದರ ಬುಡ ಅರ್ಧಚಂದ್ರದಂತೆ ಕೊರೆದಿರುತ್ತದೆ, ನೀರು ಹೋದ ಬದಿಯಲ್ಲಿ ಮರಳಿನ ಬಾಲ ಸಣ್ಣಗಾಗುತ್ತಾ ಹೋಗಿ ಮುಗಿದಿರುತ್ತದೆ. ಏರಿಸ್‌ನ ಬಾಯಿಯ ಬಳಿ, ಸುಮಾರು 20 ಡಿಗ್ರಿ ಉತ್ತರ, 329 ಡಿಗ್ರಿ ಪೂರ್ವದಲ್ಲಿ, ಆ ಗೋಲಿಯ ಜಾಗದಲ್ಲಿ 8ರಿಂದ 10 ಕಿ.ಮೀ. ವ್ಯಾಸದ ಉಲ್ಕಾಕುಳಿಗಳ ಅಂಚು ನಿಂತಿದೆ; ಹಿಂದಿನ ಬಾಲವೂ ಸೇರಿ ನಡುಗಡ್ಡೆಯ ಸುತ್ತಲಿನ ಗೋಡೆ ಒಂದಕ್ಕೆ ಸುಮಾರು 400 ಮೀಟರ್, ಇನ್ನೊಂದಕ್ಕೆ ಸುಮಾರು 600 ಮೀಟರ್ ಎತ್ತರ. ಸ್ಕ್ಯಾಬ್‌ಲ್ಯಾಂಡಿನಲ್ಲಿ ಇದೇ ಆಕಾರದ ದಿಬ್ಬಗಳನ್ನು ಪಲೂಸ್ ಸೀಮೆಯಲ್ಲಿ ಗಾಳಿ ತಂದು ಪೇರಿಸಿದ ಮೆತ್ತನೆ ಮಣ್ಣಿನಲ್ಲಿ ನೆರೆ ಕೆತ್ತಿದೆ. ಅಂದರೆ ಒಂದು ಕಡೆ ಗಟ್ಟಿ ಅಡ್ಡಿಯ ಹಿಂದೆ ಉಳಿದ ನೆಲ, ಇನ್ನೊಂದು ಕಡೆ ಮೆತ್ತನೆ ಗುಡ್ಡವನ್ನೇ ಕೆರೆದು ಉಳಿಸಿದ ರೂಪ. ಆಕಾರ ಒಂದೇ ಆದರೂ ಹುಟ್ಟಿದ ಬಗೆ ಪೂರ್ತಿ ಒಂದಲ್ಲ.

ಪ್ರತಿ ದಿಬ್ಬದ ಉದ್ದ, ಅತಿ ಅಗಲವಾದ ಜಾಗದ ಅಗಲ, ಮೊಂಡು ತುದಿಯ ದಿಕ್ಕು, ಈ ಮೂರನ್ನು ಅಳೆಯಿರಿ. ಉದ್ದ ಸಾಮಾನ್ಯವಾಗಿ ಅಗಲದ ಸುಮಾರು 3ರಿಂದ 4 ಪಟ್ಟು ಬರುತ್ತದೆ. ನೀರಿಗೆ ಕನಿಷ್ಠ ತಡೆಯೊಡ್ಡುವ ಆಕಾರದ ಪ್ರಮಾಣ ಅದು. ಆದರೆ ಗಾಳಿ ಕೆತ್ತಿದ ದಿಬ್ಬಗಳಲ್ಲೂ ಇದರ ಆಸುಪಾಸಿನ ಪ್ರಮಾಣವೇ ಸಿಗುತ್ತದೆ, ಲೂತ್‌ನಲ್ಲಿ ಅಳೆದವರಿಗೆ ಇದು ಈಗಾಗಲೇ ಗೊತ್ತಾಗಿರುತ್ತದೆ. ಬೇರ್ಪಡಿಸುವುದು ದಿಕ್ಕು: ನೆರೆಯ ದಿಬ್ಬಗಳು ಕಣಿವೆ ತಿರುಗಿದಂತೆ ತಾವೂ ತಿರುಗುತ್ತವೆ, ಗಾಳಿಯ ದಿಬ್ಬಗಳು ಕಣಿವೆಯ ಗೋಡೆಯನ್ನು ಲೆಕ್ಕಿಸದೆ ಬಯಲಿನಲ್ಲೂ ಅದೇ ದಿಕ್ಕು ಹಿಡಿಯುತ್ತವೆ.

ಎರಡನೆಯದು ಒಣ ಜಲಪಾತ ಮತ್ತು ಕುದುರೆಲಾಳದಂಥ ತಲೆಯ ಕಣಿವೆ. ಇಲ್ಲಿ ಒಂದು ಎಚ್ಚರಿಕೆ. ಐಡಹೊ ರಾಜ್ಯದ ಬಾಕ್ಸ್ ಕ್ಯಾನ್ಯನ್ನಿನ ತಲೆಯಲ್ಲಿ ಇಂದು ದೊಡ್ಡ ಒರತೆ ಚಿಮ್ಮುತ್ತದೆ, ಅದರಿಂದಾಗಿ ಒರತೆಯೇ ಆ ಕಣಿವೆಯನ್ನು ಕೊರೆಯಿತೆಂದು ಬಹುಕಾಲ ನಂಬಿದ್ದರು. ಅಂಚಿನ ಬಂಡೆಯ ಮೇಲಿನ ನೀರಿನ ಗೀರುಗಳನ್ನೂ ತಳದ ಹೆಬ್ಬಂಡೆಗಳನ್ನೂ ಪರೀಕ್ಷಿಸಿದ ಮೇಲೆ ಅದು ಸಹ ಹಳೆಯ ಮಹಾ ನೆರೆಯ ಕೆಲಸವೆಂದು 2008ರಲ್ಲಿ ಪ್ರಕಟವಾಯಿತು. ಈಗ ಹರಿಯುತ್ತಿರುವ ನೀರೇ ಕಣಿವೆಯನ್ನು ಕೊರೆದದ್ದು ಎಂದುಕೊಳ್ಳಬೇಡಿ.

ಮೂರನೆಯದು ದೈತ್ಯ ಅಲೆಗಳು, ಎಂದರೆ ಹೊಳೆಯ ಮರಳಿನ ಮೇಲೆ ಬೆರಳಗಲದ ಸುಕ್ಕು ಮೂಡುವ ರೀತಿಯಲ್ಲೇ ನೆರೆ ಜಲ್ಲಿ ಮತ್ತು ಗುಂಡುಕಲ್ಲುಗಳಿಂದ ಕಟ್ಟಿದ ಏಣುಗಳು. ಕ್ವಿನ್ಸಿ ಊರಿನ ಹತ್ತಿರ ಕೊಲಂಬಿಯಾ ನದಿಯ ದಂಡೆಯ ವೆಸ್ಟ್ ಬಾರ್‌ನಲ್ಲಿ ಒಂದು ಏಣಿನಿಂದ ಇನ್ನೊಂದಕ್ಕೆ ಸುಮಾರು 100 ಮೀಟರ್ ಅಂತರವಿದೆ. ನೆಲದ ಮೇಲೆ ನಿಂತವರಿಗೆ ಅದು ಬರೀ ಉಬ್ಬುತಗ್ಗು. ಮೇಲಿನಿಂದ, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅಲೆಯೆಂದು ತಿಳಿಯುತ್ತದೆ. ಮಂಗಳನಲ್ಲಿ ಇದನ್ನು ಹುಡುಕುವವರು ಕಣಿವೆಯ ತಳದಲ್ಲಿ ಗಾಳಿ ಕಟ್ಟಿದ ಸಣ್ಣ ಮರಳೇಣುಗಳನ್ನು ಕಂಡು ಕುಣಿದಾಡುವುದುಂಟು. ಏಣುಗಳು ಉಲ್ಕಾಕುಳಿಯೊಂದರ ಒಳಗೂ ಹೊರಗೂ ಒಂದೇ ರೀತಿ ಮುಂದುವರಿದಿದ್ದರೆ, ಕುಳಿ ನೆರೆಯ ನಂತರದ್ದೆಂದಾದರೆ, ಅವು ಗಾಳಿಯವು.

ಕಣಿವೆಯ ಗೋಡೆಯ ಮೆಟ್ಟಿಲುಗಳ ವಿಷಯದಲ್ಲಿ ಕನ್ನಡಿಗರು ಎಡವಬಾರದು. ಬೆಳಗಾವಿಯಿಂದ ಉತ್ತರಕ್ಕೆ, ಮಹಾರಾಷ್ಟ್ರದ ಕಡೆಗೆ ಹೋಗುತ್ತಾ ಕಾಣುವ ಮೆಟ್ಟಿಲುಮೆಟ್ಟಿಲಾದ ಗುಡ್ಡಗಳು ಡೆಕ್ಕನ್ ಟ್ರ್ಯಾಪ್‌ನ ಲಾವಾ ಪದರಗಳು. ಗಟ್ಟಿ ಪದರ ಉಳಿದು ಮೆತ್ತನೆಯದು ಸವೆದದ್ದರಿಂದ ಹಾಗಾದವು, ಯಾವ ನೆರೆಯ ಮಟ್ಟದಿಂದಲೂ ಅಲ್ಲ. ಸ್ಕ್ಯಾಬ್‌ಲ್ಯಾಂಡ್ ಕೂಡ ಬಸಾಲ್ಟಿನ ಪದರಗಳದೇ ನೆಲ, ಅಲ್ಲಿಯೂ ಹೀಗೆಯೇ. ಆದ್ದರಿಂದ ಗೋಡೆಯ ಮೆಟ್ಟಿಲನ್ನು ನೀರಿನ ಮಟ್ಟವೆಂದು ಬರೆಯುವ ಮುಂಚೆ ಅದು ಪದರದ ಅಂಚೇ ಎಂದು ಕೇಳಿಕೊಳ್ಳಿ.

## ಹಂತ 6: ಹರಿವಿನ ಲೆಕ್ಕ

ಹಿಂದಿನ ಹಂತಗಳು ಮುಗಿಯದೆ ಇಲ್ಲಿಗೆ ಬಂದವರ ಲೆಕ್ಕ ನೂರು ಪಟ್ಟು ತಪ್ಪಬಹುದು. ಬೇಕಾದದ್ದು ನಾಲ್ಕು ಸಂಖ್ಯೆ: ನೀರಿನ ಆಳ, ಅಗಲ, ತಳದ ಇಳಿಜಾರು ಮತ್ತು ತಳದ ಒರಟುತನ ಎಷ್ಟು ತಡೆಯೊಡ್ಡುತ್ತದೆ ಎಂಬ ಘರ್ಷಣಾಂಕ. ವೇಗದ ವರ್ಗವೆಂದರೆ ಎಂಟು, ಗುರುತ್ವ, ಆಳ, ಇಳಿಜಾರು ಈ ನಾಲ್ಕರ ಗುಣಲಬ್ಧವನ್ನು ಘರ್ಷಣಾಂಕದಿಂದ ಭಾಗಿಸಿದ್ದು. ಆ ವೇಗವನ್ನು ಆಳ, ಅಗಲಗಳಿಂದ ಗುಣಿಸಿದರೆ ಸೆಕೆಂಡಿನ ಹರಿವು ಸಿಗುತ್ತದೆ.

ಒಂದು ಉದಾಹರಣೆ ಮಾಡೋಣ. ಇದು ಯಾವ ನಿಜವಾದ ಕಣಿವೆಯದೂ ಅಲ್ಲ, ಅಭ್ಯಾಸಕ್ಕೆ ಆರಿಸಿದ ಅಂಕಿಗಳು. ಆಳ 50 ಮೀಟರ್, ಇಳಿಜಾರು ಸಾವಿರಕ್ಕೆ ಒಂದು, ಘರ್ಷಣಾಂಕ 0.05, ಅಗಲ 10 ಕಿ.ಮೀ. ಭೂಮಿಯ ಗುರುತ್ವ 9.81 ಇಟ್ಟರೆ ವೇಗ ಸೆಕೆಂಡಿಗೆ ಸುಮಾರು 8.9 ಮೀಟರ್, ಹರಿವು ಸುಮಾರು 44 ಲಕ್ಷ ಘನ ಮೀಟರ್. ಮಂಗಳನ 3.71 ಇಟ್ಟರೆ ವೇಗ ಸುಮಾರು 5.4 ಮೀಟರ್, ಹರಿವು ಸುಮಾರು 27 ಲಕ್ಷ ಘನ ಮೀಟರ್. ಅದೇ ಕಣಿವೆ, ಅದೇ ಆಳ, ಆದರೆ ಮಂಗಳನಲ್ಲಿ ಹರಿವು ಭೂಮಿಯದರ ಶೇ. 62 ಮಾತ್ರ.

ಎಂಜಿನಿಯರಿಂಗ್ ಓದಿದವರು ಇಲ್ಲಿ ಕಾಲುವೆಗಳಿಗೆ ಬಳಸುವ ಮ್ಯಾನಿಂಗ್ ಸೂತ್ರವನ್ನು ತೆಗೆಯುತ್ತಾರೆ. ಆ ಸೂತ್ರದಲ್ಲಿ ಗುರುತ್ವ ಕಣ್ಣಿಗೆ ಕಾಣುವುದಿಲ್ಲ. ಭೂಮಿಯ ಗುರುತ್ವ ಅದರ ಗುಣಾಂಕದೊಳಗೆ ಅಡಗಿ ಕುಳಿತಿದೆ. ಭೂಮಿಯ ಗುಣಾಂಕವನ್ನು ಹಾಗೆಯೇ ಮಂಗಳನಿಗೆ ಹಾಕಿದರೆ ಹರಿವು ಶೇ. 60ಕ್ಕಿಂತ ಹೆಚ್ಚು ಉಬ್ಬುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಆಳದ್ದು. ಕಣಿವೆ 400 ಮೀಟರ್ ಆಳವಿದೆ, ಆದ್ದರಿಂದ 400 ಮೀಟರ್ ನೀರು ಹರಿಯಿತು ಎಂದು ಬರೆಯುವವರು ಕಣಿವೆಯನ್ನು ಮೊದಲೇ ತೋಡಿಟ್ಟ ಕಾಲುವೆಯೆಂದು ಭಾವಿಸಿದ್ದಾರೆ. ನೀರು ಹರಿಯುತ್ತಾ ಹರಿಯುತ್ತಾ ತಳವನ್ನು ಕೆಳಕ್ಕೆ ಕೊರೆಯಿತು, ಅದೂ ಹತ್ತಾರು ನೆರೆಗಳಲ್ಲಿ. ಯಾವ ಕ್ಷಣದಲ್ಲೂ ಕಣಿವೆ ಕಂಠಮಟ್ಟ ತುಂಬಿರಬೇಕಿಲ್ಲ. ಹರಿವು ಆಳದ ಒಂದೂವರೆ ಘಾತದಂತೆ ಬದಲಾಗುತ್ತದೆಯಾದ್ದರಿಂದ ಆಳ ಅರ್ಧವಾದರೆ ಹರಿವು ಶೇ. 35ಕ್ಕೆ, ಆಳ ಕಾಲುಭಾಗವಾದರೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಕ್ಯಾಬ್‌ಲ್ಯಾಂಡಿನ ಮೋಸೆಸ್ ಕೂಲೀಗೆ 2016ರಲ್ಲಿ ಹೀಗೆ ಮರುಲೆಕ್ಕ ಹಾಕಿದಾಗ, ಕಂಠಮಟ್ಟದ ಲೆಕ್ಕಕ್ಕಿಂತ ಹಲವು ಪಟ್ಟು ಸಣ್ಣ ನೆರೆಗಳೇ ಆ ಕಣಿವೆಯನ್ನು ಕೊರೆಯಲು ಸಾಕಾಗುತ್ತವೆಂದು ಕಂಡುಬಂತು. ನಿಮ್ಮ ಲೆಕ್ಕವನ್ನು ಹಂತ 4ರಲ್ಲಿ ಬರೆದಿಟ್ಟ ಕನಿಷ್ಠ ಮತ್ತು ಗರಿಷ್ಠ ಮಟ್ಟಗಳಿಗೆ, ತಳದ ಎರಡು ಮೂರು ಬೇರೆಬೇರೆ ಎತ್ತರಗಳನ್ನು ಇಟ್ಟು ಮಾಡಿ, ಉತ್ತರವನ್ನು ಒಂದು ಅಂಕಿಯಾಗಿ ಅಲ್ಲದೆ ಒಂದು ವ್ಯಾಪ್ತಿಯಾಗಿ ಬರೆಯಿರಿ.

‘ಮಂಗಳನಲ್ಲಿ ಗುರುತ್ವ ಕಡಿಮೆ, ಹಾಗಾಗಿ ನೀರು ಇನ್ನೂ ದೊಡ್ಡ ಬಂಡೆಗಳನ್ನು ಉರುಳಿಸಬಲ್ಲದು’ ಎಂಬ ಮಾತನ್ನೂ ಜರಡಿ ಹಿಡಿಯಿರಿ. ಗುರುತ್ವ ಇಳಿದಾಗ ಬಂಡೆಯ ತೂಕ ಇಳಿಯುವಂತೆಯೇ ನೀರು ತಳವನ್ನು ಎಳೆಯುವ ಬಲವೂ ಇಳಿಯುತ್ತದೆ. ಒಂದೇ ಆಳ, ಒಂದೇ ಇಳಿಜಾರಿನಲ್ಲಿ ತಳದ ಮೇಲೆ ಯಾವ ಗಾತ್ರದ ಕಲ್ಲು ಕದಲಲು ಆರಂಭಿಸುತ್ತದೆ ಎಂಬುದಕ್ಕೆ ಗುರುತ್ವ ಹೆಚ್ಚುಕಡಿಮೆ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ವ್ಯತ್ಯಾಸ ಬರುವುದು ನುಣುಪಾದ ಹೂಳಿನಲ್ಲಿ. ಅದು ಮಂಗಳನ ನೀರಿನಲ್ಲಿ ನಿಧಾನವಾಗಿ ಕೂರುತ್ತದೆ, ಇನ್ನಷ್ಟು ದೂರ ತೇಲಿ ಹೋಗುತ್ತದೆ.

ನೀರಿನ ಒಟ್ಟು ಪ್ರಮಾಣವನ್ನೂ ಒಮ್ಮೆ ತೂಗಿ ನೋಡಿ. ಕೊರೆದುಹೋದ ಕಣಿವೆಯ ಗಾತ್ರವನ್ನು ಲೆಕ್ಕ ಹಾಕಿ. ಅಷ್ಟು ಕಲ್ಲನ್ನು ಸಾಗಿಸಲು ಅದಕ್ಕಿಂತ ಹೆಚ್ಚು ನೀರು ಬೇಕೇ ಬೇಕು. ಮೂಲದ ಕುಸಿದ ತಗ್ಗಿನಲ್ಲಿ ಒಮ್ಮೆಗೆ ಅಷ್ಟು ನೀರು ಹಿಡಿಸದಿದ್ದರೆ ಒಂದೇ ನೆರೆಯ ಕಥೆ ನಿಲ್ಲುವುದಿಲ್ಲ.

## ಹಂತ 7: ನೆರೆಯಲ್ಲ ಎಂದು ವಾದಿಸಿ ನೋಡಿ

ಇಷ್ಟಾದ ಮೇಲೆ ಒಂದು ದಿನ ನಿಮ್ಮ ಎದುರು ಪಕ್ಷದ ವಕೀಲರಾಗಿ. ಹಿಮನದಿ, ಕೆಸರಿನ ಹರಿವು, ಗಾಳಿ, ಲಾವಾ, ಪ್ರತಿಯೊಂದಕ್ಕೂ ನಿಮ್ಮ ಪಟ್ಟಿಯ ಗುರುತುಗಳಲ್ಲಿ ಎಷ್ಟನ್ನು ವಿವರಿಸಲು ಸಾಧ್ಯವೆಂದು ಬರೆಯಿರಿ. ಅಥಾಬಾಸ್ಕಾ ವ್ಯಾಲಿಸ್‌ನ ಪಾಠ ಇಲ್ಲಿ ನೆನಪಿರಲಿ. ದೋಣಿಯಾಕಾರದ ದಿಬ್ಬಗಳು, ಬಿರುಕಿನ ಮೂಲ, ಎಲ್ಲವೂ ಇದ್ದ ಆ ಕಣಿವೆಯನ್ನು ಮಂಗಳನ ಅತ್ಯಂತ ಎಳೆಯ ನೆರೆಗಣಿವೆಗಳಲ್ಲೊಂದೆಂದು ಹೇಳುತ್ತಿದ್ದರು. ಹೈರೈಸ್ ಚಿತ್ರಗಳು ಬಂದ ಮೇಲೆ, 2007ರಲ್ಲಿ, ಕಣಿವೆಯ ಮೈಯನ್ನೆಲ್ಲ ತೆಳುವಾದ ಲಾವಾ ಹೊದಿಕೆ ಆವರಿಸಿದೆ ಎಂದು ಗೊತ್ತಾಯಿತು. ಅಡಿಯಲ್ಲಿ ನೀರಿನ ಕೆಲಸ ಇರಬಹುದು, ಇಲ್ಲದಿರಬಹುದು. ಮೇಲೆ ಕಾಣುವ ತಳದ ವಿವರವನ್ನು ನೀರಿನ ಗುರುತೆಂದು ಓದುವಂತಿಲ್ಲ. 6 ಮೀಟರಿನ ಚಿತ್ರದಲ್ಲಿ ನಯವಾಗಿ ಕಂಡ ತಳವನ್ನು ಹೈರೈಸ್ ಚಿತ್ರ ಇರುವ ಕಡೆಗಳಲ್ಲಿ ಖಂಡಿತ ಪರೀಕ್ಷಿಸಿ: ತಟ್ಟೆಗಳು ಒಡೆದು ತೇಲಿದಂಥ ಮೈ, ಅಂಚಿನಲ್ಲಿ ಸುರುಳಿ, ಬುಡದಲ್ಲಿ ಲಾವಾ ನಾಳವಿಲ್ಲದ ಪುಟ್ಟ ಶಂಕುಗಳು ಕಂಡರೆ ಲಾವಾದ ಅನುಮಾನ ಬಲವಾಗುತ್ತದೆ.

ಏರಿಸ್‌ನ ಪಕ್ಷದಲ್ಲಿ ಒಂದು ಅನುಕೂಲವಿದೆ: ನೆಲದ ಮೇಲಿನ ನೋಟ. ಪಾಥ್‌ಫೈಂಡರ್ ಕಳುಹಿಸಿದ ಚಿತ್ರಗಳಲ್ಲಿ ಕೆಲವು ಬಂಡೆಗಳು ಒಂದೇ ಕಡೆಗೆ ವಾಲಿ ಒಂದರ ಮೇಲೊಂದು ಒರಗಿವೆ, ಜೋರು ನೀರು ಹಾದುಹೋದ ಹೊಳೆಪಾತ್ರದಲ್ಲಿ ಕಲ್ಲುಗಳು ಒರಗುವಂತೆ. ಹಾಗೆಂದು ಅದನ್ನೇ ಪಟ್ಟಾಗಿ ಹಿಡಿಯಬೇಡಿ. ಉಲ್ಕಾಪಾತ ಎಸೆದ ಕಲ್ಲುಗಳೂ ಅದೇ ಬಯಲಿನಲ್ಲಿ ಬಿದ್ದಿವೆ.

## ಹಂತ 8: ಬರೆದಿಡುವ ರೀತಿ

ಎರಡು ಕಲಂಗಳ ಬದಲು ನಾಲ್ಕು ಕಲಂಗಳ ಪಟ್ಟಿ ಮಾಡಿ: ಸ್ಕ್ಯಾಬ್‌ಲ್ಯಾಂಡ್, ಏರಿಸ್, ಎದುರುಸಾಕ್ಷಿಯಾದ ಲೂತ್, ಮತ್ತು ‘ಯಾವ ದತ್ತಾಂಶದಿಂದ, ಯಾವ ಸೂಕ್ಷ್ಮತೆಯಲ್ಲಿ ನೋಡಿದೆ’ ಎಂಬುದು. ಪ್ರತಿ ಅಳತೆಯ ಪಕ್ಕದಲ್ಲಿ ಅಕ್ಷಾಂಶ ಮತ್ತು ಪೂರ್ವ ರೇಖಾಂಶ ಇರಲಿ, ಬೇರೊಬ್ಬರು ಅದೇ ದಿಬ್ಬವನ್ನು ತೆರೆದು ಅಳೆದು ನೋಡುವಂತಿರಬೇಕು. ಅಳೆದದ್ದಕ್ಕೆ ‘ಅಳೆದದ್ದು’, ಊಹಿಸಿದ್ದಕ್ಕೆ ‘ಊಹೆ’ ಎಂದು ಬೇರೆಬೇರೆ ಗುರುತು ಹಾಕಿ.

ಚಿತ್ರಗಳನ್ನು ಜೋಡಿಸುವುದು ಎಲ್ಲಕ್ಕಿಂತ ಕೊನೆಗೆ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಒಮ್ಮೆ ಇಡಿ. ಆಗ ಡ್ರೈ ಫಾಲ್ಸ್‌ನ ಇಡೀ ಗೋಡೆ ಏರಿಸ್‌ನ ಒಂದು ನಡುಗಡ್ಡೆಯ ಮೂತಿಯಲ್ಲಿರುವ ಉಲ್ಕಾಕುಳಿಯೊಳಗೆ ಹಿಡಿಸಿ ಹೋಗುತ್ತದೆ. ಆಕಾರವನ್ನು ತೋರಿಸಲೆಂದು ಭೂಮಿಯ ಚಿತ್ರವನ್ನು ಹಿಗ್ಗಿಸಿದ ಇನ್ನೊಂದು ಜೋಡಿಯನ್ನು ಅದರ ಕೆಳಗೆ ಇಡಬಹುದು, ಎಷ್ಟು ಪಟ್ಟು ಹಿಗ್ಗಿಸಿದಿರಿ ಎಂಬುದನ್ನು ಚಿತ್ರದ ಮೈಮೇಲೆಯೇ ಬರೆದು.